ಬೆಳಗಿನ ಕಷಾಯದ ಹಿಂದೆ

ದಕ್ಷಿಣ ಕೇರಳದಿಂದ ನಮ್ಮ ಬ್ಯಾಂಕಿನ ಶಾಖೆಗೆ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರು ಒಂದು ಬೆಳಿಗ್ಗೆ ಚಹಾಕ್ಕೆ ಕರೆದರು. ಮನೆಯಲ್ಲಿ ಕಷಾಯ ಕುಡಿದೇ ಬಂದಿದ್ದೇನೆ ಎಂದೆ. ಅವರಿಗೆ ಗಾಬರಿಯಾಯಿತು. “ಎಂತಾ ಸಾರೇ, ಅಸುಖಂ?” ಎಂದು ಕೇಳಿದರು.

ತಪ್ಪು ಅವರದಲ್ಲ. ಮಲಯಾಳದಲ್ಲಿ ಕಷಾಯವೆಂದರೆ ವೈದ್ಯಶಾಲೆಯಿಂದ ಸೀಸೆಯಲ್ಲಿ ಬರುವ ಕಹಿ ಮದ್ದು. ಕಾಸರಗೋಡಿನ ನಮ್ಮ ಕನ್ನಡ ಮನೆಗಳಲ್ಲಾದರೋ ಹಾಲು, ಬೆಲ್ಲ ಹಾಕಿದ ಬೆಳಗಿನ ಪಾನೀಯ. ಶಾಸ್ತ್ರ ಅವರ ಪಕ್ಷದಲ್ಲಿದೆ. ಚರಕ ಸಂಹಿತೆ ಹೇಳುವ ಐದು ಬಗೆಯ ಕಷಾಯಗಳೂ ಔಷಧಿಗಳೇ. ಶಾರ್ಙ್ಗಧರ ಸಂಹಿತೆಯ ಕ್ವಾಥಕ್ಕೆ ಒಂದು ಪಾಲು ಮದ್ದಿಗೆ ಹದಿನಾರು ಪಾಲು ನೀರು, ಎಂಟರಲ್ಲೊಂದು ಉಳಿಯುವ ತನಕ ಕುದಿಸಬೇಕು. ನನ್ನ ಅಮ್ಮನಿಗೆ ಅಷ್ಟು ಪುರುಸೊತ್ತಿಲ್ಲ. ಕೊತ್ತಂಬರಿ, ಅದರ ಕಾಲು ಭಾಗ ಜೀರಿಗೆ, ಸ್ವಲ್ಪ ಕಾಳುಮೆಣಸು ಹುರಿದು ಪುಡಿ ಮಾಡಿ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಬೆಲ್ಲದ ನೀರಿಗೆ ಒಂದು ಚಮಚ ಹಾಕಿ ಎರಡು ಕುದಿ ಬಂದರೆ ಸೋಸಿ ಹಾಲು ಹೊಯ್ಯುವುದು. ಕಾಫಿ ಎದೆ ಹೊಡೆಸುತ್ತದೆ, ಇದು ಸಮಾಧಾನ ಕೊಡುತ್ತದೆ ಎಂಬುದು ಅವರ ಮಾತು. ಮಲಯಾಳಿಗಳ ಮನೆಯಲ್ಲಿ ಜೀರಕವೆಳ್ಳಂ, ಚುಕ್ಕುಕಾಪ್ಪಿ ಉಂಟಷ್ಟೆ; ವಸ್ತುವಿನಲ್ಲಿ ನೆಂಟಸ್ತಿಕೆ ಇದೆ, ಹೆಸರಿನಲ್ಲಿ ಮಾತ್ರ ಜಗಳ.

ಈ ಪುಡಿಯೂ ಪೂರ್ತಿ ನಮ್ಮ ಮಣ್ಣಿನದಲ್ಲ. ಮೆಣಸಿನ ಬಳ್ಳಿ ತೋಟದಲ್ಲೇ ಇದೆ, ಜೀರಿಗೆ ಗುಜರಾತ್, ರಾಜಸ್ಥಾನಗಳ ಒಣನೆಲದಿಂದ ಬರಬೇಕು.

ಚಹಾ, ಕಾಫಿಗಳು ಇದನ್ನು ಹಿಂದೆ ಹಾಕಿದ್ದು ರುಚಿಯಿಂದ ಮಾತ್ರವೇ? 1903ರಲ್ಲಿ ಸರಕಾರ ರಫ್ತಾಗುವ ಚಹಾದ ಮೇಲೆ ಸೆಸ್ ಹಾಕಿ, ಆ ಹಣವನ್ನು ಚಹಾದ ಪ್ರಚಾರಕ್ಕೇ ಕೊಟ್ಟಿತು. 1930ರ ದಶಕದ ಕುಸಿತದಲ್ಲಿ ಹೊರಗಿನ ಮಾರುಕಟ್ಟೆ ಸೋತಾಗ ಆ ಪ್ರಚಾರ ಭಾರತದ ಮನೆಮನೆಯತ್ತ ಜೋರಾಗಿ ತಿರುಗಿತು. 1935ರಲ್ಲಿ ಕಾಫಿಗೂ ಅಂಥದೇ ಸೆಸ್ ಬಂತು. ಲೆಕ್ಕ ಬರೆಯುವವನಾದ ನನಗೆ ಇದು ಎದ್ದು ಕಾಣುತ್ತದೆ: ಎರಡಕ್ಕೂ ಸಮಿತಿಯಿತ್ತು, ನಿಧಿಯಿತ್ತು. ಕಷಾಯದ ಪರವಾಗಿ ಮಾತಾಡಲು ಅಜ್ಜಿಯಂದಿರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಸರಕಾರದ ಮಾತು ಬಂದದ್ದು 2020ರ ಮಾರ್ಚಿನಲ್ಲಿ. ಕೊರೋನ ಕಾಲದ ಸಲಹೆಯಾಗಿ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಶುಂಠಿ, ಒಣದ್ರಾಕ್ಷಿಯ ಕಷಾಯ ಕುಡಿಯಿರಿ ಎಂದಿತು. ಅದೇ ದಿನಗಳಲ್ಲಿ ತಲಪಾಡಿ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಮೇಲೂ ಆಸ್ಪತ್ರೆಗೆಂದರೆ ಮಂಗಳೂರಿಗೇ ಹೋಗುತ್ತಿದ್ದವರು. ದಾರಿ ಸಿಗದೆ ಜೀವ ಕಳಕೊಂಡವರು ನಮ್ಮ ಜಿಲ್ಲೆಯಲ್ಲಿದ್ದಾರೆ.

ಅಮ್ಮನ ರಕ್ತದೊತ್ತಡದ ಗುಳಿಗೆ ಮುಗಿಯುತ್ತ ಬಂತು. ಕಷಾಯದ ಪುಡಿ ಡಬ್ಬಿ ತುಂಬ ಇತ್ತು, ಆದರೆ ಗುಳಿಗೆಯ ಕೆಲಸ ಅದರಿಂದ ಆಗುವಂಥದಲ್ಲ. ಹಳೆಯ ಚೀಟಿ ಹಿಡಿದು ಕಣ್ಣೂರಿನಿಂದ ಗುಳಿಗೆ ತರಿಸಿಕೊಟ್ಟವರು ಅದೇ ಸಹೋದ್ಯೋಗಿ. ಗೇಟಿನ ಹೊರಗೇ ನಿಂತಿದ್ದರು. ಅಮ್ಮ ಜಗಲಿಯ ತುದಿಯಲ್ಲಿ ಲೋಟ ಇಟ್ಟು ಹಿಂದೆ ಸರಿದರು. ಅವರು ಒಂದು ಗುಟುಕು ಕುಡಿದು, “ಕಷಾಯಮೋ ಇದು?” ಎಂದು ಲೋಟದೊಳಗೆ ಇಣುಕಿ ನೋಡಿದರು.