ಟ್ವೀಟ್ ಎಣಿಸಿದರೆ ವೋಟು ಗೊತ್ತಾಗುತ್ತಾ?

ಜನ ಫೇಸ್‌ಬುಕ್ಕು, ಟ್ವಿಟರಿನಲ್ಲಿ (ಈಗದು ಎಕ್ಸ್) ಬರೆದದ್ದನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು, ಇದು ಹೊಗಳಿಕೆ, ಇದು ತೆಗಳಿಕೆ ಅಂತ ವಿಂಗಡಿಸಿದರೆ ಗೆಲ್ಲೋರು ಯಾರು ಅಂತ ಮೊದಲೇ ತಿಳಿಯುತ್ತೆ ಅನ್ನೋ ಮಾತು ಬಹಳ ಕೇಳಿಬರುತ್ತೆ. ಕೋಡು ಬರೆದು ಬದುಕುವ ನನಗೂ ಇದರಲ್ಲಿ ಕುತೂಹಲ. ಆದರೆ ಈ ಆಸೆ ಹೊಸದೇನಲ್ಲ.

1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮಾದರಿ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ತಾರೆ ಅಂತ ಪತ್ರಿಕೆ ಸಾರಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46! ವಿಳಾಸ ಹೆಕ್ಕಿದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ. ಬಡವರು ಅಲ್ಲೆಲ್ಲಿರ್ತಾರೆ? ಉತ್ತರಿಸದೆ ಸುಮ್ಮನಿದ್ದವರ ಲೆಕ್ಕವೂ ಇರಲಿಲ್ಲ. ಜಾರ್ಜ್ ಗ್ಯಾಲಪ್ ಎಷ್ಟೋ ಕಡಿಮೆ ಜನರನ್ನು ಕೇಳಿ ಸರಿಯಾಗಿ ಹೇಳಿದರು.

2009ರ ಜರ್ಮನಿ ಚುನಾವಣೆಗೆ ಮುಂಚಿನ ಸುಮಾರು ಒಂದು ಲಕ್ಷ ಟ್ವೀಟ್ ಎಣಿಸಿದ ಸಂಶೋಧಕರು, ಪಕ್ಷದ ಹೆಸರು ಬಂದಷ್ಟೇ ಪಾಲು ವೋಟು ಬಿದ್ದಿದೆ ಅಂದರು. ಬೇರೆಯವರು ಕೆದಕಿದಾಗ ಪೈರೇಟ್ ಪಾರ್ಟಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ ಅನ್ನೋದು ಹೊರಬಿತ್ತು. ಹಿಡಿದರೆ ಟ್ವಿಟರಿನಲ್ಲಿ ಅದೇ ಮೊದಲು. ಮತಪೆಟ್ಟಿಗೆಯಲ್ಲಿ ಅದಕ್ಕೆ ಸಿಕ್ಕಿದ್ದು ಶೇ. 2.

ಈಗ ನಮ್ಮ ಗೌರಿಬಿದನೂರು ತಾಲೂಕಿನ ಅಲೀಪುರಕ್ಕೆ ಬನ್ನಿ. ಊರಲ್ಲಿ ಶಿಯಾ ಮುಸ್ಲಿಮರೇ ಹೆಚ್ಚು, ಮನೆಮಾತು ಉರ್ದು. ಸುತ್ತ ಕನ್ನಡ, ತೆಲುಗು. ಮೂರನ್ನೂ ಬೆರೆಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಒಂದು ಸಾಲು ಯಂತ್ರಕ್ಕೆ ಅರ್ಥವಾಗಬೇಕಲ್ಲ? 2020ರಲ್ಲಿ ಯೂಟ್ಯೂಬ್ ಪ್ರತಿಕ್ರಿಯೆಗಳನ್ನು ಕೂಡಿಸಿ ಮಾಡಿದ ಕನ್ನಡ-ಇಂಗ್ಲಿಷ್ ಮಿಶ್ರ ದತ್ತಾಂಶದಲ್ಲಿ ಇದ್ದದ್ದು ಏಳು ಸಾವಿರ ಚಿಲ್ಲರೆ. ಅದರಲ್ಲಿ 'ಕನ್ನಡ ಅಲ್ಲ' ಅಂತಲೇ ಒಂದು ಡಬ್ಬಿ. ಅಲೀಪುರದ ಸಾಲು ಆ ಡಬ್ಬಿಗೆ ಬಿದ್ದರೆ ಆಶ್ಚರ್ಯವಿಲ್ಲ.

2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಆದರೆ ಗೌರಿಬಿದನೂರಿನಲ್ಲಿ ಕಾಂಗ್ರೆಸ್ಸಿನ ಹಿರಿಯ ಶಾಸಕ ಎನ್.ಎಚ್. ಶಿವಶಂಕರ ರೆಡ್ಡಿಯವರನ್ನು ಪಕ್ಷೇತರ ಕೆ.ಎಚ್. ಪುಟ್ಟಸ್ವಾಮಿಗೌಡರು ಸೋಲಿಸಿದರು. 224ರಲ್ಲಿ ಪಕ್ಷೇತರರು ಗೆದ್ದದ್ದು ಎರಡೇ ಕಡೆ. ಇಡೀ ರಾಜ್ಯದ ಗಾಳಿ ಅಳೆಯುವ ಯಂತ್ರದ ಕಣ್ಣಿಗೆ ಇಂಥ ಊರುಗಳು ಬರೀ 'ಇತರೆ'.

ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆಯದು ಬೇರೆ ದಾರಿ. ಮತದಾರರ ಪಟ್ಟಿಯಿಂದಲೇ ಹೆಸರು ಆರಿಸಿ, ಮನೆ ಬಾಗಿಲಿಗೆ ಹೋಗಿ ಕೇಳೋದು. ಅದೂ ತಪ್ಪುತ್ತೆ, ಒಪ್ಪೋಣ. ಆದರೆ ಅಲ್ಲಿ ಫೋನಿಲ್ಲದ ಅಜ್ಜಿಯ ಹೆಸರೂ ಚೀಟಿಯಲ್ಲಿ ಬರಬಹುದು. ಯಂತ್ರ ತೋರಿಸಿದ್ದೇ ಜನಾಭಿಪ್ರಾಯ ಅಂತ ಪಕ್ಷಗಳು ನಂಬಿಬಿಟ್ಟರೆ, ಆ ಅಜ್ಜಿಯ ನಲ್ಲಿ ನೀರಿನ ಬಗ್ಗೆ ಯಾರೂ ಕೇಳೋದಿಲ್ಲ.

ನೀವೇನಂತೀರಿ?