ಕಿಟಕಿ ತೆರೆಯದ ಶಯ್ಯಾಗೃಹ

ಜುಬಿಲಿ ಬಸ್ ನಿಲ್ದಾಣದಲ್ಲಿ ವೇಮುಲವಾಡದ ಬಸ್ಸು ಹತ್ತುವವರಲ್ಲಿ ಹೆಚ್ಚಿನವರು ರಾಜರಾಜೇಶ್ವರನ ದರ್ಶನಕ್ಕೆ ಹೊರಟವರು. ಕನ್ನಡಿಗರಾದ ನಮಗೆ ಆ ಊರಿನ ಮೇಲೆ ಇನ್ನೊಂದು ಅಭಿಮಾನವೂ ಉಂಟು. ಹೈದರಾಬಾದಿನಿಂದ ಸುಮಾರು 150 ಕಿ.ಮೀ. ದೂರದ ಆ ಊರನ್ನು ಆಳಿದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪ, 941ರಲ್ಲಿ ‘ಆದಿಪುರಾಣ’ವನ್ನೂ ‘ವಿಕ್ರಮಾರ್ಜುನ ವಿಜಯ’ವನ್ನೂ ಬರೆದ. ಅವನ ತಮ್ಮ ಜಿನವಲ್ಲಭನ ಶಾಸನ ಕರೀಂನಗರದ ಕಡೆಯ ಕುರಿಕ್ಯಾಲದ ಬಳಿ ಬೊಮ್ಮಲಗುಟ್ಟದಲ್ಲಿ ಇಂದಿಗೂ ಇದೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಅಲ್ಲಿ ಒಂದೇ ಬಂಡೆಯ ಮೇಲಿವೆ.

ಬಯಕೆ ಮನುಷ್ಯನನ್ನು ಹೇಗೆ ಸುಡುತ್ತದೆ ಎಂಬುದನ್ನು ಪಂಪ ಉಪದೇಶ ಮಾಡಿ ಹೇಳುವುದಿಲ್ಲ. ‘ಆದಿಪುರಾಣ’ದ ವಜ್ರಜಂಘ-ಶ್ರೀಮತಿಯರ ಕಥೆಯನ್ನೇ ನೋಡಿ. ಜನ್ಮಾಂತರದ ಪ್ರೇಮಿಗಳು ಅವರು. ಒಂದು ರಾತ್ರಿ ಶಯ್ಯಾಗೃಹದಲ್ಲಿ ಪರಿಮಳಕ್ಕೆಂದು ಅಗರುಧೂಪ ಹಾಕಿದ್ದಾರೆ. ಕಿಟಕಿ ತೆರೆದಿಡುವುದನ್ನು ಸೇವಕರು ಮರೆತಿದ್ದಾರೆ. ಹೊಗೆ ತುಂಬಿ, ಉಸಿರು ಕಟ್ಟಿ, ಅಪ್ಪಿಕೊಂಡಿದ್ದಂತೆಯೇ ಇಬ್ಬರೂ ಸಾಯುತ್ತಾರೆ. ಕಥೆ ಜಿನಸೇನರ ಸಂಸ್ಕೃತ ಪುರಾಣದಿಂದ ಬಂದದ್ದು ನಿಜ. ಆದರೆ ಕನ್ನಡದಲ್ಲಿ ಅದು ನಮ್ಮನ್ನು ಕಲಕುವುದು ಧೂಪದ ಧ್ವನಿಯಿಂದ. ಹೊರಗಿನಿಂದ ಶತ್ರು ಬರಲಿಲ್ಲ, ಹಾವು ಕಚ್ಚಲಿಲ್ಲ. ಸುಖಕ್ಕೆಂದು ಹೊತ್ತಿಸಿದ್ದೇ ಕೊಂದಿತು. ಭೋಗವೇ ಹೊಗೆಯಾಯಿತು ಎಂದು ಯಾರೂ ವ್ಯಾಖ್ಯಾನ ಕೊಡಬೇಕಿಲ್ಲ. ಅಪ್ಪುಗೆ ಸಡಿಲದೆ ಸತ್ತವರನ್ನು ಬೈಯುವ ಮನಸ್ಸೂ ಬರುವುದಿಲ್ಲ. ನನಗೆ ಪಂಪ ದೊಡ್ಡವನೆನಿಸುವುದು ಇಲ್ಲಿಯೇ.

‘ವಿಕ್ರಮಾರ್ಜುನ ವಿಜಯ’ದಲ್ಲಿ ಶಾಪಗ್ರಸ್ತನಾದ ಪಾಂಡು ಮಾದ್ರಿಯನ್ನು ಅಪ್ಪಿ ಪ್ರಾಣ ಬಿಡುವುದೂ ಇದೇ ಜಾತಿಯದು. ವಸಂತದ ಚೆಲುವೇ ಅಲ್ಲಿ ಯಮನ ದೂತ.

ಬಯಕೆ ಎಂದರೆ ಹೆಣ್ಣು ಗಂಡಿನ ಮಾತಷ್ಟೇ ಅಲ್ಲವಲ್ಲ. ಭರತ ಬಾಹುಬಲಿಯರ ನಡುವೆ ನಿಂತದ್ದು ನೆಲದ ಬಯಕೆ. ಮೂರು ಯುದ್ಧಗಳಲ್ಲೂ ಗೆದ್ದ ಬಾಹುಬಲಿ, ಅಣ್ಣ ಚಕ್ರವನ್ನೇ ಪ್ರಯೋಗಿಸಿದ್ದನ್ನು ಕಂಡು ಹೇಸಿ, ರಾಜ್ಯವನ್ನು ಅವನಿಗೇ ಬಿಟ್ಟು ಹೊರಡುತ್ತಾನೆ. ಆಗ ಅವನ ಬಾಯಲ್ಲಿ ಪಂಪ ಇಡುವ ರೂಪಕ ಭಯಂಕರವಾದದ್ದು: ವೀರರ ಕತ್ತಿಗಳೇ ಕನ್ನೈದಿಲೆಯ ತೋಟ, ರಾಜ್ಯಲಕ್ಷ್ಮಿ ಅಲ್ಲಿ ಸುಳಿದಾಡುವ ಹೆಣ್ಣುದುಂಬಿ. ದುಂಬಿ ಒಂದು ಹೂವಿಗೆ ಕಟ್ಟುಬಿದ್ದದ್ದುಂಟೇ? ಕತ್ತಿಯ ಅಲಗನ್ನು ಹೂವೆಂದು ಕರೆದಾಗ ಆ ಹೂವಿಗಾಗಿ ಬಿದ್ದ ತಲೆಗಳೆಲ್ಲ ನೆನಪಾಗುತ್ತವೆ. ಯುದ್ಧವೇ ಕಸುಬಾದ ಸಾಮಂತನ ಆಸ್ಥಾನದ ಕವಿ ಬರೆದ ಮಾತಿದು ಎಂಬುದನ್ನು ಮರೆಯಬಾರದು.

1209ರ ಹೊತ್ತಿಗೆ ಹೊಯ್ಸಳರ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಇದೇ ಬೆಂಕಿಗೆ ಕಹಿ ಬೆರೆತಿದೆ. ರಾಣಿ ಅಮೃತಮತಿ ಮಾವುತನ ಹಾಡಿಗೆ ಮನಸೋಲುತ್ತಾಳೆ. ಅವನನ್ನು ನೋಡಿ ಬಂದ ಗೆಳತಿ, ಕವಿಗಳು ಚೆಲುವೆಯನ್ನು ಅಂಗಾಂಗವಾಗಿ ವರ್ಣಿಸುವ ಕ್ರಮದಲ್ಲಿಯೇ ಅವನ ಕುರೂಪವನ್ನು ವರ್ಣಿಸುತ್ತಾಳೆ. ಶೃಂಗಾರದ ಸಲಕರಣೆಯನ್ನೇ ತಲೆಕೆಳಗು ಮಾಡಿದ ಜಾಣ್ಮೆ ಅದು. ಒಲಿದವಳಿಗೆ ರೂಪ ಲೆಕ್ಕಕ್ಕಿಲ್ಲ. ಕೊನೆಗೆ ಅಮೃತದ ಹೆಸರಿನವಳೇ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಹೆಸರಿನಲ್ಲೇ ಅಡಗಿದ ಈ ವ್ಯಂಗ್ಯ ಚುರುಕಾದದ್ದೇ. ಆದರೂ ಜನ್ನನ ತಕ್ಕಡಿ ಹೆಣ್ಣಿನ ವಿಷಯದಲ್ಲಿ ತುಸು ಬಿಗಿ ಎನ್ನಬೇಕು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ಈ ಕಥೆಯನ್ನು ಮತ್ತೆ ಕೈಗೆತ್ತಿಕೊಂಡದ್ದು ಸುಮ್ಮನೆ ಅಲ್ಲ.

ಅಮೃತಮತಿಗೆ ನರಕ. ಶ್ರೀಮತಿಯ ದಾರಿ ಬೇರೆ. ಹೊಗೆಯಲ್ಲಿ ಸತ್ತ ವಜ್ರಜಂಘನೇ ಹಲವು ಜನ್ಮಗಳ ನಂತರ ಆದಿದೇವನಾಗುತ್ತಾನೆ. ಶ್ರೀಮತಿ ಹಸ್ತಿನಾಪುರದ ಶ್ರೇಯಾಂಸನಾಗಿ ಹುಟ್ಟಿರುತ್ತಾಳೆ. ದೀರ್ಘ ಉಪವಾಸದಲ್ಲಿದ್ದ ಮುನಿ ಬಾಗಿಲಿಗೆ ಬಂದಾಗ ಹಳೆಯ ಜನ್ಮ ನೆನಪಾಗಿ, ಕಬ್ಬಿನ ಹಾಲನ್ನು ಕೈಗೆ ಎರೆಯುವವನು ಅವನೇ.