ಕೂದಲೆಣಿಸಿ ಕುಲ ಹೇಳುವ ವಿದ್ಯೆ

ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಕೂದಲೇ ಒಂದು ಉದ್ಯಮ. ತಲೆಗೂದಲ ಗಂಟು ಬಿಡಿಸಿ, ಬಾಚಿ, ಉದ್ದ ನೋಡಿ ಕಟ್ಟು ಕಟ್ಟುವುದರಲ್ಲಿ ಇಲ್ಲಿಯವರದು ಪಳಗಿದ ಕೈ. ಸಮುದ್ರದ ಬಿರುಗೂದಲು ಹುಳುಗಳನ್ನು, ಅಂದರೆ ಪಾಲಿಕೀಟ್‌ಗಳನ್ನು, ವಿಂಗಡಿಸುವವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಅವರ ಬಾಚಣಿಗೆ ಸೂಕ್ಷ್ಮದರ್ಶಕ, ಅಷ್ಟೇ. ಹನ್ನೊಂದು ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಗುಂಪಿನಲ್ಲಿ ಯಾವುದು ಯಾವ ಕುಲದ್ದು ಎಂದು ತೀರ್ಮಾನಿಸಲು ಇನ್ನೂರು ವರ್ಷಗಳಿಂದ ನಡೆದಿರುವ ಪಡಿಪಾಟಲನ್ನು ಒಂದೇ ಹುಳುವಿನ ನೆಪದಲ್ಲಿ ಹೇಳಬಹುದು. ಅದರ ಹೆಸರು ಮಾರ್ಫೈಸಾ.

ಅಳಿವೆಯ ಕೆಸರಿನಲ್ಲಿ, ಕಲ್ಲುಗಳ ಸಂದಿಯಲ್ಲಿ ಬಿಲ ಮಾಡಿಕೊಂಡು ಬದುಕುವ ಉದ್ದನೆಯ ಹುಳು ಇದು. ದೇಹದಲ್ಲಿ ನೂರಾರು ಖಂಡಗಳು. ತಲೆಯ ಮುಂಭಾಗ ಎರಡು ಹೋಳಾಗಿ ಸೀಳಿದಂತಿರುತ್ತದೆ, ಅದರ ಹಿಂದೆ ಐದು ಮೀಸೆಗಳು. ಬಾಯೊಳಗೆ ಮಡಚಿಟ್ಟ ದವಡೆಗಳ ಒಂದು ಸಲಕರಣೆಯೇ ಇದೆ: ಕೆಳಗೆ ಉಳಿಯಂಥ ಒಂದು ಜೋಡಿ, ಮೇಲೆ ಹಲ್ಲುಳ್ಳ ತಗಡುಗಳ ಸಾಲು. ವಿಚಿತ್ರವೆಂದರೆ ಮೇಲಿನ ಸಾಲು ಎಡಕ್ಕೂ ಬಲಕ್ಕೂ ಸಮನಾಗಿಲ್ಲ. ಮೆತ್ತನೆಯ ಮೈ ಕೊಳೆತು ಹೋದರೂ ಈ ಬಳಗದ ದವಡೆಗಳು ಉಳಿಯುತ್ತವೆ. ಆರ್ಡೋವಿಷಿಯನ್ ಯುಗದ ಬಂಡೆಗಳಲ್ಲೂ ಅವು ಹೇರಳವಾಗಿ ಸಿಗುತ್ತವೆ.

ಖಂಡಕ್ಕೊಂದು ಜೋಡಿಯಂತೆ ಪಕ್ಕದಲ್ಲಿ ಗಿಡ್ಡ ಪಾದಗಳಿವೆ, ಪ್ಯಾರಾಪೋಡಿಯಾ ಎಂದು ಹೆಸರು. ದೇಹದ ಸ್ವಲ್ಪ ಹಿಂದಿನಿಂದ ಈ ಪಾದಗಳ ಮೇಲೆ ಎಳೆಎಳೆಯಾದ ಕೆಂಪು ಕಿವಿರು ಶುರುವಾಗುತ್ತದೆ. ಎಷ್ಟನೆಯ ಖಂಡದಿಂದ ಶುರು, ಎಷ್ಟು ಎಳೆ ಎಂಬುದನ್ನು ತಜ್ಞರು ಎಣಿಸುತ್ತಾರೆ. ಆದರೆ ಹುಳು ಬೆಳೆದಂತೆ ಈ ಎಣಿಕೆಯೂ ಬದಲಾಗುತ್ತದೆ. ಹಳೆಯ ಪುಸ್ತಕಗಳು ಇದನ್ನು ಅಷ್ಟಾಗಿ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ, ಗೊಂದಲದ ಒಂದು ಬೇರು ಇಲ್ಲೇ ಇದೆ.

ಇನ್ನು ಬಿರುಗೂದಲು. ಪಾದದ ಒಳಗೆ ಊರೆಗೋಲಿನಂತೆ ಕಪ್ಪು ಕಡ್ಡಿ, ಅದರ ಮೇಲೆ ಕೆಳಗೆ ಕೂದಲ ಕುಚ್ಚುಗಳು. ಕೆಲವು ಸಪೂರವಾಗಿ ಅಂಚು ಕಟ್ಟಿದಂತಿರುತ್ತವೆ, ಕೆಲವು ನಡುವೆ ಕೀಲಿಟ್ಟು ಎರಡು ತುಂಡು ಜೋಡಿಸಿದಂತೆ, ಇನ್ನು ಕೆಲವು ಸೂಕ್ಷ್ಮ ಹಲ್ಲುಗಳ ಬಾಚಣಿಗೆಯಂತೆ. ನಮ್ಮ ಕೂದಲು ಕೆರಾಟಿನ್, ಇದು ಕೈಟಿನ್. ಒಂದೊಂದು ಬಿರುಗೂದಲಿಗೂ ಬುಡದಲ್ಲಿ ಒಂದೇ ಒಂದು ಜೀವಕೋಶ ಒಡೆಯ. ಅದರ ಮೇಲ್ಮೈಯ ನವಿರು ಚಾಚುಗಳ ಸುತ್ತ ವಸ್ತು ಹೆಪ್ಪುಗಟ್ಟುತ್ತ ಕೂದಲು ಮೇಲೇಳುತ್ತದೆ. ಮೊದಲು ತಯಾರಾಗುವುದು ತುದಿ, ಕೊನೆಗೆ ಬುಡ. ಚಾಚುಗಳು ಹೇಗೆ ಹೊಂದಿಕೊಂಡಿವೆಯೋ ಹಾಗೆ ಹಲ್ಲೋ ಕೀಲೋ ಮೂಡುತ್ತದೆ. 2024ರಲ್ಲಿ ವಿಯೆನ್ನಾದ ಸಂಶೋಧಕರು ಪ್ಲಾಟಿನೆರೀಸ್ ಎಂಬ ಹುಳುವಿನಲ್ಲಿ ಇದನ್ನು ಪರೀಕ್ಷಿಸಿ, ತ್ರೀಡಿ ಮುದ್ರಣಕ್ಕೆ ಹೋಲಿಸಿದರು. ಬಿರುಗೂದಲಿನ ಆಕಾರವನ್ನು ವರ್ಗೀಕರಣಕಾರರು ಅಷ್ಟೊಂದು ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ.

ವರ್ಗೀಕರಣದ ಕತೆ ಲಿನೇಯಸ್‌ನಿಂದ ಹೊರಡುತ್ತದೆ. 1758ರಲ್ಲಿ ಆತ ಹುಳು, ಚಿಪ್ಪುಜೀವಿ, ನಕ್ಷತ್ರಮೀನು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದ. ಲಾಮಾರ್ಕ್ ಉಂಗುರಮೈಯ ಹುಳುಗಳನ್ನು ಬೇರ್ಪಡಿಸಿದ. 1850ರಲ್ಲಿ ಗ್ರೂಬ್ 'ಪಾಲಿಕೀಟ' ಎಂಬ ಹೆಸರು ಕೊಟ್ಟ. 1860ರ ದಶಕದಲ್ಲಿ ಕಾತ್ರಫಾಜ್ ಅಲೆಮಾರಿಗಳು, ಕುಳಿತಲ್ಲೇ ಇರುವವರು ಎಂದು ಎರಡು ಪಾಲು ಮಾಡಿದ. ಮಾರ್ಫೈಸಾ ಕುಲವನ್ನು ಕಟ್ಟಿದವನೂ ಅವನೇ.

ಭಾರತದ ಹುಳುಗಳು ಈ ಲೆಕ್ಕಕ್ಕೆ ಸೇರಿದ್ದು ಗಾಜಿನ ಶೀಶೆಗಳಲ್ಲಿ. ಚಿಲಿಕಾ ಸರೋವರದ ಹುಳುಗಳನ್ನು ಪರೀಕ್ಷಿಸಿದ ರೋಲಂಡ್ ಸದರ್ನ್ 1921ರಲ್ಲಿ ಮಾರ್ಫೈಸಾ ಗ್ರೇವ್ಲೀ ಎಂಬ ಹೊಸ ಪ್ರಭೇದವನ್ನು ವರ್ಣಿಸಿದ. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ದೊಡ್ಡ ಸಂಗ್ರಹ ಮಾತ್ರ ಫ್ರಾನ್ಸಿನ ಪಿಯರ್ ಫೋವೆಲ್ ಪಾಲಿಗೆ ಬಂತು. ಅವನ ವರದಿ 1932ರಲ್ಲಿ ಬಂದರೆ, ಭಾರತದ ಪಾಲಿಕೀಟಗಳ ಸಂಪುಟ 1953ರಲ್ಲಿ ಬಂತು. ಇಂದಿಗೂ ಅದನ್ನು ಬಿಟ್ಟು ಕೆಲಸ ಮಾಡಲಾಗದು. ಆದರೆ ಇದೇ ಫೋವೆಲ್ 1923 ಮತ್ತು 1927ರಲ್ಲಿ ಫ್ರಾನ್ಸಿನ ಹುಳುಗಳ ಕೈಪಿಡಿ ಬರೆದವನು. ತನ್ನ ಕರಾವಳಿಯ ಹುಳುಗಳನ್ನೇ ಕಣ್ಣಲ್ಲಿ ತುಂಬಿಕೊಂಡವನಿಗೆ ಬಂಗಾಳ ಕೊಲ್ಲಿಯಲ್ಲೂ ಅವೇ ಕಂಡರೆ ಆಶ್ಚರ್ಯವೇನು? ಒಂದು ಪ್ರಭೇದ ಎಲ್ಲ ಸಮುದ್ರಗಳಲ್ಲೂ ಇರಬಹುದೆಂಬುದು ಆ ಕಾಲದವರೆಲ್ಲರ ನಂಬಿಕೆಯೂ ಆಗಿತ್ತು. ಹಾಗಾಗಿ ಯುರೋಪಿನ ಹಲವು ಹೆಸರುಗಳು ನಮ್ಮ ಕೆಸರಿನ ಹುಳುಗಳಿಗೆ ಅಂಟಿಕೊಂಡವು.

ಆ ಹೆಸರುಗಳಲ್ಲಿ ಮಾರ್ಫೈಸಾ ಸ್ಯಾಂಗ್ವೀನಿಯಾ ಮುಖ್ಯವಾದದ್ದು. 1813ರಲ್ಲಿ ಮಾಂಟಗು ಇಂಗ್ಲೆಂಡಿನ ಡೆವನ್ ಕರಾವಳಿಯಿಂದ ವರ್ಣಿಸಿದ ಹುಳು ಅದು. ಕಾಲಕ್ರಮದಲ್ಲಿ ಜಪಾನಿನಿಂದ ಆಸ್ಟ್ರೇಲಿಯಾದವರೆಗೆ ಸಿಕ್ಕಿದ್ದೆಲ್ಲ ಸ್ಯಾಂಗ್ವೀನಿಯಾ ಆಯಿತು. ಮಾಂಟಗು ನೋಡಿದ ಮೂಲ ಹುಳುವೇ ಉಳಿದಿರಲಿಲ್ಲವಾದ್ದರಿಂದ ಹೋಲಿಸಿ ನೋಡುವ ದಾರಿಯೂ ಇರಲಿಲ್ಲ. 2003ರಲ್ಲಿ ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನ ಪ್ಯಾಟ್ ಹಚಿಂಗ್ಸ್ ಮತ್ತು ಸಂಗಡಿಗರು ಇಂಗ್ಲೆಂಡಿನ ಹುಳುವೊಂದನ್ನು ಹೊಸ ಮಾನದಂಡವಾಗಿ ಗೊತ್ತುಮಾಡಿದರು. ಅದರ ಪಕ್ಕದಲ್ಲಿಟ್ಟು ನೋಡಿದಾಗ ಆಸ್ಟ್ರೇಲಿಯಾದ್ದು ಬೇರೆಯೇ ಪ್ರಭೇದ. ಅಲ್ಲಿಂದೀಚೆಗೆ ಬಾಚಣಿಗೆ ಕೂದಲಿನ ಹಲ್ಲು, ಅಗಲ, ಅದು ದೇಹದ ಯಾವ ಭಾಗದ್ದು ಎಂಬುದನ್ನೆಲ್ಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವುದು ರೂಢಿಯಾಯಿತು. 2020ರಲ್ಲಿ ಚೆನ್ನೈ ಕಡೆಯ ಹುಳು ಮಾರ್ಫೈಸಾ ಮದರಾಸಿ ಎಂಬ ಸ್ವಂತ ಹೆಸರು ಪಡೆಯಿತು.

ಇದೆಲ್ಲ ಪಂಡಿತರ ಜಗಳ ಅನ್ನುವಂತಿಲ್ಲ. ಸೀಗಡಿ ಮರಿ ಉತ್ಪಾದಿಸುವ ಹ್ಯಾಚರಿಗಳಲ್ಲಿ ತಾಯಿ ಸೀಗಡಿಗೆ ಇಂಥ ಹುಳುಗಳೇ ಪುಷ್ಟಿಕರ ಆಹಾರ. ಮಾರ್ಫೈಸಾ ಹುಳುಗಳು ಸೀಗಡಿಯ ಬಿಳಿಚುಕ್ಕೆ ರೋಗದ ವೈರಸನ್ನು ಹೊತ್ತು ತರಬಲ್ಲವೆಂದು ಚೆನ್ನೈನ ಉಪ್ಪುನೀರು ಜಲಕೃಷಿ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಕೊಳ್ಳುವ ಹುಳು ಯಾವುದು, ಎಲ್ಲಿಯದು ಎಂದು ಗೊತ್ತಿಲ್ಲದೆ ರೋಗದ ಜಾಡು ಹಿಡಿಯುವುದಾದರೂ ಹೇಗೆ?

ಇಡೀ ಗುಂಪಿನ ಮಟ್ಟದಲ್ಲಿ ಇನ್ನೂ ದೊಡ್ಡ ಉಲ್ಟಾಪಲ್ಟಾ ನಡೆಯಿತು. 1977ರಲ್ಲಿ ಕ್ರಿಸ್ಟಿಯನ್ ಫೌಚಾಲ್ಡ್ ಕುಲಗಳನ್ನೆಲ್ಲ ಗುರುತಿಸುವ ಕೀಲಿಕೈ ಬರೆದ. 1997ರಲ್ಲಿ ಗ್ರೆಗ್ ರೌಸ್ ಜೊತೆ ಸೇರಿ ಕಾತ್ರಫಾಜ್‌ನ ಎರಡು ಪಾಲನ್ನು ಕೈಬಿಟ್ಟು ಹೊಸ ವಂಶವೃಕ್ಷ ಬಿಡಿಸಿದ. 2011ರಲ್ಲಿ ಟಾರ್ಸ್ಟನ್ ಸ್ಟ್ರುಕ್ ತಂಡ ವಂಶವಾಹಿಗಳನ್ನು ಹೋಲಿಸಿದಾಗ ಆ ಹಳೆಯ ಅಲೆಮಾರಿ ಮತ್ತು ಕುಳಿತವರ ವಿಭಾಗವೇ, ಸ್ವಲ್ಪ ತಿದ್ದುಪಡಿಯೊಂದಿಗೆ, ಮತ್ತೆ ಎದ್ದು ಬಂತು! ಮಾರ್ಫೈಸಾ ಅಲೆಮಾರಿಗಳ ಸಾಲಿನಲ್ಲಿ ಉಳಿಯಿತು. ಎರೆಹುಳು, ಜಿಗಣೆಗಳು ಕುಳಿತವರ ಕೊಂಬೆಯೊಳಗೇ ಸೇರಿದವು. ಅಂದರೆ ಕೊಪ್ಪಳದ ರೈತ ಗೊಬ್ಬರದ ತೊಟ್ಟಿಯಲ್ಲಿ ಸಾಕುವ ಎರೆಹುಳು ಸಮುದ್ರದ ಬಿರುಗೂದಲು ಹುಳುಗಳ ವಂಶದ್ದೇ. ಅದರ ಮೈಯಲ್ಲೂ ನಾಲ್ಕು ಜೋಡಿ ಚಿಕ್ಕ ಬಿರುಗೂದಲು ಖಂಡಖಂಡಕ್ಕೂ ಇರುತ್ತವೆ. ಎರೆಹುಳುವನ್ನು ಹೊರಗಿಟ್ಟ ಪಾಲಿಕೀಟ ಎಂಬ ಗುಂಪಿಗೆ ವಂಶಾವಳಿಯಲ್ಲಿ ಈಗ ಜಾಗವಿಲ್ಲ, ರೂಢಿಯ ಹೆಸರಾಗಿ ಉಳಿದಿದೆ.

ಕರ್ನಾಟಕದಲ್ಲಿ ಈ ಕೆಲಸ ಮುಖ್ಯವಾಗಿ ಕಾರವಾರದ್ದು. ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಕೋಡಿಬಾಗದಲ್ಲಿದೆ, ಕಾಳಿ ಅಳಿವೆ ಮಗ್ಗುಲಲ್ಲೇ. ಯು.ಜಿ. ಭಟ್ ಮತ್ತು ಬಿ. ನೀಲಕಂಠನ್ ಅಲ್ಲಿಯ ತಳಜೀವಿಗಳ ಹಂಚಿಕೆಯ ಬಗ್ಗೆ 1988ರಲ್ಲಿ ಪ್ರಕಟಿಸಿದರು. ಉಪ್ಪಿನಂಶ, ಕೆಸರಿನ ಗುಣಕ್ಕೆ ತಕ್ಕಂತೆ ತಳದ ಜೀವಿಗಳು ಬದಲಾಗುವುದನ್ನು ಇಂಥ ಸಮೀಕ್ಷೆಗಳಿಂದಲೇ ತಿಳಿಯಬೇಕು. ಆದರೆ ನಮ್ಮ ಕರಾವಳಿಗಳ ಹಳೆಯ ಪಟ್ಟಿಗಳು ಹೆಸರಿಗೆ ಫೋವೆಲ್‌ನನ್ನೇ ಆಶ್ರಯಿಸಿದವು. ದೂರದೂರದ ಕರಾವಳಿಗಳಿಗೆ ಹಂಚಿಕೊಂಡ ಒಂದೇ ಹೆಸರನ್ನು ಮರುಪರಿಶೀಲಿಸಿ ಎಂದು ಹಚಿಂಗ್ಸ್ ಮತ್ತು ಕುಪ್ರಿಯಾನೋವಾ 2018ರಲ್ಲಿ ಒತ್ತಿ ಬರೆದ ಮೇಲೆ ಆ ಪಟ್ಟಿಗಳನ್ನೂ ಹಾಗೆಯೇ ಬಿಡುವಂತಿಲ್ಲ. ಶೀಶೆ ತೆರೆದು ನೋಡಿದರೆ ಮುಗಿಯುವ ಕೆಲಸವೂ ಇದಲ್ಲ: ಫಾರ್ಮಲಿನ್‌ನಲ್ಲಿ ವರ್ಷಗಟ್ಟಲೆ ನೆಂದ ಹುಳುವಿನ ಕೂದಲು ಎಣಿಸಬಹುದು, ಡಿಎನ್‌ಎ ಓದುವುದು ಬಲು ಕಷ್ಟ. ಇಳಿತ ನೋಡಿಕೊಂಡು ಮತ್ತೆ ಕೆಸರಿಗಿಳಿದು, ಹೊಸ ಹುಳು ಹಿಡಿದು, ಒಂದು ತುಂಡನ್ನು ಆಲ್ಕೋಹಾಲಿನಲ್ಲಿ ಬೇರೆ ಇಡಬೇಕು.